ನೈನರ್ಸ್ ಮಾರ್ಚ್ ಕಟ್‌ಗಳು: ಈ ಲೆಕ್ಕ ಹೇಗೆ ಕೂಡುತ್ತೆ?

ಕೆಂಪು_ಚಿನ್ನ:

2025ರ ಜೂನ್ ಅರ್ಧ ಆಯ್ತು, ಮಾರ್ಚ್‌ನ ಸಂಕಟ ಮಾತ್ರ ಇನ್ನೂ ಹೋಗಿಲ್ಲ. 2024ರ ಫೆಬ್ರವರಿಯಲ್ಲಿ ಸೂಪರ್ ಬೌಲ್‌ನಲ್ಲಿ (ಅಮೆರಿಕನ್ ಫುಟ್‌ಬಾಲ್ ಲೀಗ್ NFLನ ಫೈನಲ್) ಓವರ್‌ಟೈಮ್‌ವರೆಗೆ ಹೋರಾಡಿದ ನಮ್ಮ ಸ್ಯಾನ್ ಫ್ರಾನ್ಸಿಸ್ಕೊ ನೈನರ್ಸ್ (49ers) ತಂಡ ಮುಂದಿನ ಸೀಸನ್‌ನಲ್ಲಿ 6-11ಕ್ಕೆ (6 ಗೆಲುವು, 11 ಸೋಲು) ಕುಸಿಯಿತು. ಆಮೇಲೆ ಒಂದೇ ತಿಂಗಳಲ್ಲಿ ಜೇವನ್ ಹಾರ್‌ಗ್ರೇವ್, ಲೆನರ್ಡ್ ಫ್ಲಾಯ್ಡ್, ಮಲೀಕ್ ಕಾಲಿನ್ಸ್ ಮೂವರೂ ಕಟ್, ಅಂದರೆ ಒಪ್ಪಂದ ಮುರಿದು ತಂಡದಿಂದ ಹೊರಗೆ. ಡೀಬೊ ಸ್ಯಾಮ್ಯುಯೆಲ್ ಬರೀ ಐದನೇ ಸುತ್ತಿನ ಡ್ರಾಫ್ಟ್ ಪಿಕ್‌ಗೆ (ಲೀಗ್‌ಗೆ ಬರುವ ಹೊಸಬರನ್ನು ಆರಿಸುವ ಒಂದು ಸರದಿಗೆ) ವಾಷಿಂಗ್ಟನ್ ಪಾಲಾದ. ಗ್ರೀನ್‌ಲಾ, ಹುಫಾಂಗಾ ಡೆನ್ವರ್‌ಗೆ, ವಾರ್ಡ್ ಇಂಡಿಯಾನಾಪೊಲಿಸ್‌ಗೆ, ಬ್ಯಾಂಕ್ಸ್ ಗ್ರೀನ್ ಬೇಗೆ. ಫುಲ್‌ಬ್ಯಾಕ್ ಕೈಲ್ ಯೂಸ್‌ಚೆಕ್‌ನನ್ನು ಕಟ್ ಮಾಡಿ ಎರಡು ದಿನದಲ್ಲಿ ಮತ್ತೆ ಕರೆಸಿಕೊಂಡರು.

ನನಗೆ ಅರ್ಥವಾಗದ್ದು ಮೂರು. ಲೀಗ್ ಕ್ಯಾಪ್, ಅಂದರೆ ಒಂದು ತಂಡ ವರ್ಷಕ್ಕೆ ಆಟಗಾರರ ಲೆಕ್ಕದಲ್ಲಿ ಬರೆಯಬಹುದಾದ ಖರ್ಚಿನ ಮಿತಿ, 255.4 ಮಿಲಿಯನ್ ಡಾಲರ್‌ನಿಂದ 279.2ಕ್ಕೆ ಏರಿದೆ, ಹೋದ ವರ್ಷ ಉಳಿಸಿದ ಸುಮಾರು 50 ಮಿಲಿಯನ್ ಕೂಡ ಈ ವರ್ಷಕ್ಕೆ ಬಂದಿದೆ. ಹಾಗಿದ್ದ ಮೇಲೆ ಕಟ್ ಯಾಕೆ? ಮಾರ್ಚ್‌ನಲ್ಲೇ ಹೋದ ಹಾರ್‌ಗ್ರೇವ್ ಹೆಸರು ಮೇ ಕೊನೆಯವರೆಗೂ ನಮ್ಮ ಕ್ಯಾಪ್ ಪಟ್ಟಿಯಲ್ಲಿ ಪೂರ್ತಿ ಮೊತ್ತದ ಜೊತೆ ಯಾಕಿತ್ತು? ಬೇರೆ ತಂಡಕ್ಕೆ ಆಡುವ ಡೀಬೊಗೆ ನಮ್ಮ ಲೆಕ್ಕದಲ್ಲಿ ಸುಮಾರು 31 ಮಿಲಿಯನ್ ಯಾಕೆ?

ಕ್ಯಾಪ್_ಲೆಕ್ಕಿಗ:

ಕೈಗೆ ಕೊಟ್ಟ ದುಡ್ಡು ಬೇರೆ, ಕ್ಯಾಪ್‌ನಲ್ಲಿ ಬರೆಯುವ ದುಡ್ಡು ಬೇರೆ. ಇದೊಂದು ಹಿಡಿದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತೆ. ಸೈನಿಂಗ್ ಬೋನಸ್ ಆಟಗಾರನ ಕೈಗೆ ಬೇಗ ಸೇರುತ್ತೆ. ಕ್ಯಾಪ್‌ನಲ್ಲಿ ಮಾತ್ರ ಅದನ್ನು ಒಪ್ಪಂದದ ವರ್ಷಗಳಿಗೆ, ಹೆಚ್ಚೆಂದರೆ 5 ವರ್ಷಕ್ಕೆ, ಸಮನಾಗಿ ಹಂಚಿ ಬರೆಯುತ್ತಾರೆ. ಆಟಗಾರ ನಡುವೆ ಹೋದರೆ ಇನ್ನೂ ಬರೆಯದೆ ಉಳಿದ ಕಂತುಗಳೆಲ್ಲ ಒಟ್ಟಿಗೆ ಈ ವರ್ಷದ ಲೆಕ್ಕಕ್ಕೆ ಬಂದು ಬೀಳುತ್ತವೆ. ಅದೇ ಡೆಡ್ ಮನಿ.

ಒಂದು ಕಲ್ಪಿತ ಒಪ್ಪಂದ ಇಟ್ಟುಕೊಳ್ಳೋಣ: 5 ವರ್ಷ, 25 ಮಿಲಿಯನ್ ಸೈನಿಂಗ್ ಬೋನಸ್. ವರ್ಷಕ್ಕೆ 5 ಮಿಲಿಯನ್ ಕಂತು. ಮೂರನೇ ವರ್ಷದ ಸಂಬಳ 12 ಮಿಲಿಯನ್, ಗ್ಯಾರಂಟಿ ಇಲ್ಲ. ಅಂದರೆ ಆ ವರ್ಷ ಅವನ ಕ್ಯಾಪ್ ಭಾರ 17. ಮೂರನೇ ವರ್ಷದ ಮಾರ್ಚ್‌ನಲ್ಲಿ ನೇರವಾಗಿ ಕಟ್ ಮಾಡಿದರೆ ಉಳಿದ ಮೂರು ಕಂತು, ಅಂದರೆ 15 ಮಿಲಿಯನ್, ಒಮ್ಮೆಲೇ ಬೀಳುತ್ತೆ. 17 ಹೋಯ್ತು, 15 ಬಂತು, ಉಳಿದದ್ದು 2. ಅದೂ ಪೂರ್ತಿ ಕೈಗೆ ಸಿಗಲ್ಲ. ಆಫ್‌ಸೀಸನ್‌ನಲ್ಲಿ ಸಂಬಳದ ಪ್ರಕಾರ ಮೇಲಿನ 51 ಜನರದ್ದು ಮಾತ್ರ ಪೂರ್ತಿ ಲೆಕ್ಕಕ್ಕಿರುತ್ತೆ, ಒಬ್ಬ ಹೋದರೆ 52ನೆಯವನು ಒಳಗೆ ಬರುತ್ತಾನೆ. 2025ರಲ್ಲಿ ಹೊಸಬರ ಕನಿಷ್ಠ ಸಂಬಳ 8,40,000 ಡಾಲರ್. ಅದನ್ನು ಕಳೆದರೆ ನಿಜವಾದ ಉಳಿತಾಯ 1.16 ಮಿಲಿಯನ್.

ಅದೇ ಆಟಗಾರನನ್ನು ಜೂನ್ 1ರ ನಂತರದ ಕಟ್ ಎಂದು ಗುರುತಿಸಿದರೆ ಈ ವರ್ಷ 5 ಮಿಲಿಯನ್ ಕಂತು ಮಾತ್ರ, ಉಳಿದ 10 ಮುಂದಿನ ವರ್ಷಕ್ಕೆ. ಉಳಿತಾಯ 12. ಒಂದು ತಂಡ ವರ್ಷಕ್ಕೆ ಇಬ್ಬರನ್ನು ಮಾರ್ಚ್‌ನಲ್ಲೇ ಹೀಗೆ ಗುರುತಿಸಿ ಬಿಡಬಹುದು, ಆಟಗಾರನೂ ಆಗಲೇ ಬೇರೆ ತಂಡ ಹುಡುಕಿಕೊಳ್ಳಬಹುದು. ಆದರೆ ಜೂನ್ 1 ದಾಟುವವರೆಗೆ ಪೂರ್ತಿ 17 ಮಿಲಿಯನ್ ಹಳೆ ತಂಡದ ಲೆಕ್ಕದಲ್ಲೇ ಕೂತಿರುತ್ತೆ. ಹಾರ್‌ಗ್ರೇವ್‌ನನ್ನು ಬಿಟ್ಟಿದ್ದು ಹೀಗೆ. ಅವನು ಮಿನೆಸೋಟಾಗೆ ಸೈನ್ ಮಾಡಿದ ಮೇಲೂ ನಮ್ಮ ಪಟ್ಟಿಯಲ್ಲಿ ಕಾಣಿಸಿದ್ದು ಅದಕ್ಕೇ.

ಜೂನ್ 2ಕ್ಕೆ ಬರುವ ಈ ದುಡ್ಡಿನಿಂದ ಮಾರ್ಚ್‌ನ ಫ್ರೀ ಏಜೆಂಟ್‌ಗಳನ್ನು (ಒಪ್ಪಂದವಿಲ್ಲದೆ ಸ್ವತಂತ್ರರಾದ ಆಟಗಾರರನ್ನು) ಕೊಳ್ಳೋಕಾಗಲ್ಲ. ಅದು ಡ್ರಾಫ್ಟ್ ಹುಡುಗರ ಒಪ್ಪಂದಕ್ಕೆ, ಸೀಸನ್ ಖರ್ಚಿಗೆ. ಸೆಪ್ಟೆಂಬರ್‌ನಿಂದ 51ರ ಬದಲು ತಂಡದ 53 ಜನರೂ ಲೆಕ್ಕಕ್ಕೆ ಬರುತ್ತಾರೆ, ಜೊತೆಗೆ ಪ್ರಾಕ್ಟೀಸ್ ಸ್ಕ್ವಾಡ್ (53ರ ಹೊರಗೆ ತಂಡದ ಜೊತೆ ಅಭ್ಯಾಸ ಮಾಡುವವರು), ಗಾಯಾಳು ಪಟ್ಟಿಯಲ್ಲಿರುವವರು, ಅವರ ಬದಲಿಗೆ ಬಂದವರು. ಕಳೆದ ಸೀಸನ್‌ನಲ್ಲಿ ನಮ್ಮ ಗಾಯಾಳು ಪಟ್ಟಿ ಎಷ್ಟು ಉದ್ದ ಇತ್ತು ಅಂತ ಎಲ್ಲರಿಗೂ ನೆನಪಿದೆ.

ಡೀಬೊ ವಿಷಯ. ಟ್ರೇಡ್ ಆದಾಗ ಹೊಸ ತಂಡ ಹೊರುವುದು ಮುಂದೆ ಕೊಡಬೇಕಾದ ಸಂಬಳ, ಬೋನಸ್ ಮಾತ್ರ. ಈಗಾಗಲೇ ಕೊಟ್ಟಾದ ಬೋನಸ್‌ನ ಉಳಿದ ಕಂತು ಹಳೆ ತಂಡದ್ದೇ. ಹಿಂದಿನ ವರ್ಷಗಳಲ್ಲಿ ಜಾಗ ಬೇಕಾದಾಗಲೆಲ್ಲ ನಮ್ಮವರು ಸಂಬಳವನ್ನು ಬೋನಸ್ ಮಾಡಿ, ಆಡದೇ ಇರುವ ಖಾಲಿ ವರ್ಷಗಳನ್ನೂ ಸೇರಿಸಿ, ಭಾರವನ್ನು ಮುಂದಕ್ಕೆ ತಳ್ಳಿದ್ದರು. ಆ 31 ಮಿಲಿಯನ್ ಅದರ ಬಾಕಿ. ಬದಲಿಗೆ ಅವನ 2025ರ ಸುಮಾರು 17.5 ಮಿಲಿಯನ್ ಸಂಬಳವನ್ನು ವಾಷಿಂಗ್ಟನ್ ಪೂರ್ತಿ ಹೊತ್ತುಕೊಂಡಿತು. ಐದನೇ ಸುತ್ತಿನ ಪಿಕ್ ನೋಡಿ ಬೇಸರ ಪಡುವವರು ಇದನ್ನೂ ತಕ್ಕಡಿಗೆ ಹಾಕಬೇಕು.

ಕ್ಯಾಪ್ ಏರಿದರೂ ಕಟ್ ಯಾಕೆ ಅಂದರೆ, ಉತ್ತರ ನಮ್ಮ ಕ್ವಾರ್ಟರ್‌ಬ್ಯಾಕ್ (ಅಫೆನ್ಸ್ ನಡೆಸಿ ಚೆಂಡು ಎಸೆಯುವವನು) ಬ್ರಾಕ್ ಪರ್ಡಿ. 2022ರಲ್ಲಿ 262ನೆಯವನಾಗಿ, ಡ್ರಾಫ್ಟ್‌ನ ಕಟ್ಟಕಡೆಯ ಪಿಕ್ ಆಗಿ ಬಂದ ಹುಡುಗ. ಡ್ರಾಫ್ಟ್ ಆದವರಿಗೆ ಮೂರನೇ ಸೀಸನ್ ಮುಗಿಯುವವರೆಗೆ ಹೊಸ ಒಪ್ಪಂದ ಕೊಡಲು ನಿಯಮ ಬಿಡಲ್ಲ, ಹಾಗಾಗಿ 2024ರಲ್ಲೂ ಅವನ ಸಂಬಳ 1 ಮಿಲಿಯನ್‌ಗಿಂತ ಕಮ್ಮಿ. ಆ ಅಗ್ಗದ ಕ್ವಾರ್ಟರ್‌ಬ್ಯಾಕ್ ಮೇಲೆ ನಿಂತೇ ಹಾರ್‌ಗ್ರೇವ್‌ಗೆ 4 ವರ್ಷಕ್ಕೆ 84 ಮಿಲಿಯನ್ ಕೊಟ್ಟಿದ್ದು. ಮೇ ತಿಂಗಳಲ್ಲಿ ಪರ್ಡಿಗೆ 5 ವರ್ಷಕ್ಕೆ 265 ಮಿಲಿಯನ್, ಅದರಲ್ಲಿ 181 ಗ್ಯಾರಂಟಿ. ಟೈಟ್ ಎಂಡ್ ಕಿಟಲ್, ಲೈನ್‌ಬ್ಯಾಕರ್ ವಾರ್ನರ್ ಇಬ್ಬರಿಗೂ ಹೊಸ ಒಪ್ಪಂದ. ಮಾರ್ಚ್‌ನಲ್ಲಿ ಜಾಗ ಮಾಡದಿದ್ದರೆ ಈ ಮೂರೂ 2026, 2027ರ ಲೆಕ್ಕವನ್ನು ಹಿಂಡಿ ಹಾಕುತ್ತಿದ್ದವು.

ಕ್ಯಾಪ್ ಸೈಟ್ ನೋಡುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ. ಮಾರ್ಚ್ ಕಟ್‌ನ ಉಳಿತಾಯದ ಕಾಲಂ ಬೇರೆ, ಜೂನ್ ನಂತರದ್ದು ಬೇರೆ. ಎರಡರಿಂದಲೂ ದೊಡ್ಡ ಸಂಖ್ಯೆ ಆರಿಸಿ ಕೂಡಿಸಿದರೆ ಇಲ್ಲದ ದುಡ್ಡು ಕಾಣುತ್ತೆ. ಗ್ಯಾರಂಟಿ ಕಾಲಂ ಕೂಡ ನೋಡಿ. ಮೇಲಿನ ಉದಾಹರಣೆಯ 12 ಮಿಲಿಯನ್ ಗ್ಯಾರಂಟಿ ಆಗಿದ್ದರೆ ಕಟ್ ಮಾಡಿ ಏನೂ ಉಳಿಯುತ್ತಿರಲಿಲ್ಲ. ಎಷ್ಟೋ ಒಪ್ಪಂದಗಳಲ್ಲಿ ಲೀಗ್ ವರ್ಷ ಶುರುವಾದ ಕೆಲವೇ ದಿನಕ್ಕೆ ಗ್ಯಾರಂಟಿ ಗಟ್ಟಿಯಾಗುತ್ತೆ. ದೊಡ್ಡ ಕಟ್‌ಗಳು ಮಾರ್ಚ್ ಮಧ್ಯದಲ್ಲೇ ಸುರಿಯುವುದಕ್ಕೆ ಅದು ಕಾರಣ.

ಎರಡು_ಬ್ಯಾಕ್:

ಯೂಸ್‌ಚೆಕ್ ಬಗ್ಗೆ ಸ್ವಲ್ಪ ಸೇರಿಸ್ತೀನಿ. ನಾಲ್ಕು ಸೀಸನ್ ಪೂರೈಸಿದ ಆಟಗಾರನನ್ನು ಮಾರ್ಚ್‌ನಲ್ಲಿ ಬಿಟ್ಟರೆ ವೇವರ್ (ಬಿಟ್ಟ ಆಟಗಾರನನ್ನು ಬೇರೆ ತಂಡಗಳು ಸರದಿಯಂತೆ ಕೇಳುವ ಕ್ರಮ) ಇಲ್ಲ, ಅವತ್ತೇ ಸ್ವತಂತ್ರ. ಹಾಗಾಗಿ ನಮ್ಮವರ ಜೊತೆಗೂ ತಕ್ಷಣ ಮಾತಾಡಬಹುದಿತ್ತು, 2 ವರ್ಷಕ್ಕೆ 8 ಮಿಲಿಯನ್‌ಗೆ ಮುಗೀತು. ಹಳೆ ಒಪ್ಪಂದದ ಡೆಡ್ ಮನಿ ಮಾತ್ರ ಅಳಿಸಿಹೋಗಲ್ಲ, ಹೊಸದರ ಪಕ್ಕದಲ್ಲೇ ಕೂರುತ್ತೆ. ಬೇರೆ ತಂಡ ಇನ್ನಷ್ಟು ಕೊಟ್ಟಿದ್ದರೆ ಕೈ ತಪ್ಪೇ ಹೋಗ್ತಿದ್ದ. ಅಂಥ ಆಟಗಾರನ ಮೇಲೆ ಈ ಪಣ ಕಟ್ಟಿದ್ದು ನನಗೆ ಸರಿ ಕಾಣಲ್ಲ.

ಯಾಕೆ ಅಂದ್ರೆ ಕೋಚ್ ಶಾನಹಾನ್ ಅಫೆನ್ಸ್ ಉಸಿರಾಡೋದೇ ಅವನಿಂದ. ಇಬ್ಬರು ಬ್ಯಾಕ್, ಒಬ್ಬ ಟೈಟ್ ಎಂಡ್ ಇರುವ 21 ಪರ್ಸನಲ್‌ನಲ್ಲಿ ಅವನು ಮೊದಲು ರಿಸೀವರ್ ಹಾಗೆ ಅಂಚಿನಲ್ಲಿ ನಿಲ್ತಾನೆ, ಸ್ನ್ಯಾಪ್‌ಗೆ (ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರು ಮಾಡೋದಕ್ಕೆ) ಮುಂಚೆ ಮೋಷನ್‌ನಲ್ಲಿ ಒಳಗೆ ಬರ್ತಾನೆ. ಅವನ ಹಿಂದೆ ಯಾವ ಲೈನ್‌ಬ್ಯಾಕರ್ ಸರೀತಾನೆ, ಯಾವ ಸೇಫ್ಟಿ ಕೆಳಗಿಳೀತಾನೆ ಅನ್ನೋದ್ರಲ್ಲೇ ಪರ್ಡಿಗೆ ಎದುರಿನವರದ್ದು ಮ್ಯಾನ್ ಕವರೇಜೋ (ಒಬ್ಬೊಬ್ಬನಿಗೆ ಒಬ್ಬ ಕಾವಲು) ಜೋನೋ (ಜಾಗದ ಕಾವಲು) ಗೊತ್ತಾಗುತ್ತೆ. ಎದುರಾಳಿ ಮೂರು ಲೈನ್‌ಬ್ಯಾಕರ್ ಇಟ್ಟರೆ ಕಿಟಲ್ ಎದುರಿಗೆ ನಿಧಾನದವನು ಸಿಗ್ತಾನೆ. ಒಬ್ಬನನ್ನು ತೆಗೆದು ಐದನೇ ಡಿಫೆನ್ಸಿವ್ ಬ್ಯಾಕ್ ತಂದರೆ ಆ ಹಗುರ ಹುಡುಗನ ಮೇಲೆ ಯೂಸ್‌ಚೆಕ್ ಬ್ಲಾಕ್, ಹಿಂದೆ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಮೆಕ್ಯಾಫ್ರಿ. ಅವನಿಲ್ಲದಿದ್ರೆ ಪ್ಲೇಬುಕ್‌ನ ಕಾಲು ಭಾಗ ಮುಚ್ಚಿಡಬೇಕು.

ಹುಬ್ಳಿ_ಟು_ಫ್ರೀಮಾಂಟ್:

ಲೆಕ್ಕ ಎಲ್ಲಾ ಬರೋಬ್ಬರಿ ಐತ್ರೀ. ಹಾರ್‌ಗ್ರೇವ್ ಕಟ್ಟೂ ತಿಳೀತೈತಿ, 2024ರಾಗ ಮೂರು ಮ್ಯಾಚ್ ಆಡಿ ಟ್ರೈಸೆಪ್ಸ್ ಹರಕೊಂಡ ಕುಂತ. ಆದ್ರ ಫ್ಲಾಯ್ಡ್‌ನ ಬಿಟ್ಟದ್ದು ನಾ ಒಪ್ಪೂದಿಲ್ಲ. ಬೋಸಾ 9 ಸ್ಯಾಕ್ (ಕ್ವಾರ್ಟರ್‌ಬ್ಯಾಕ್ ಚೆಂಡ ಒಗಿಯೂ ಮೊದಲ ಅವನ್ನ ಕೆಡವೂದು), ಫ್ಲಾಯ್ಡ್ 8.5. ಆ ಕಡೆ ಒಬ್ಬ ಗಟ್ಟಿ ಮನಷ್ಯಾ ಇಲ್ಲಂದ್ರ ಏನಾಗ್ತೈತಿ ನೋಡ್ರಿ: ಎದುರಿನವರು ಪೂರ್ತಿ ಪ್ರೊಟೆಕ್ಷನ್ ಬೋಸಾನ ಕಡೆ ಸರಸ್ತಾರ, ಟೈಟ್ ಎಂಡ್ ಹೊರಗ ಹೋಗೂಮುಂದ ಅವಗ ಒಂದು ತಳ್ಳಿ ಹೋಗ್ತಾನ, ರನ್ನಿಂಗ್ ಬ್ಯಾಕೂ ಅಲ್ಲೇ ನಿಂದರ್ತಾನ. ಬೋಸಾ ಎಷ್ಟ ಗುದ್ಯಾಡಿದ್ರೂ ಮೂರು ಮಂದಿ ದಾಟಿ ಕ್ವಾರ್ಟರ್‌ಬ್ಯಾಕ್‌ನ ಮುಟ್ಟಾಕ ಟೈಮ್ ಸಾಲೂದಿಲ್ಲ. ಅಟ್ಲಾಂಟಾ ಫ್ಲಾಯ್ಡ್‌ಗ ಒಂದ ವರ್ಷಕ್ಕ 10 ಮಿಲಿಯನ್ ಕೊಟ್ಟ ಒಯ್ತು. ಆ ರೇಟ್ ಜಾಸ್ತಿ ಏನಲ್ಲ.

ಡ್ರಾಫ್ಟ್‌ನ್ಯಾಗ ಮೊದಲಿನ ಐದೂ ಪಿಕ್ ಡಿಫೆನ್ಸ್‌ಗೇ ಹಾಕಿದ್ರು, ಅದು ಛಲೋ ಕೆಲಸ. 11ಕ್ಕ ಮೈಕೆಲ್ ವಿಲಿಯಮ್ಸ್, 43ಕ್ಕ ಆಲ್ಫ್ರೆಡ್ ಕಾಲಿನ್ಸ್, 113ಕ್ಕ ಸಿ.ಜೆ. ವೆಸ್ಟ್. ಆದ್ರ ಒಳಗಿನ ಇಬ್ಬರೂ ರನ್ ತಡಿಯಾಕ ಬಂದವರು. ವಿಲಿಯಮ್ಸ್ ಅಂಚು ಗಟ್ಟಿ ಹಿಡೀತಾನ, ಪಾಸ್ ರಷ್ ಕಲಿಯಾಕ ಟೈಮ್ ಬೇಕು. ಮಲೀಕ್ ಕಾಲಿನ್ಸೂ ಹೋದ ಮ್ಯಾಲ ಮೂರನೇ ಡೌನ್‌ಗ (10 ಗಜ ದಾಟಾಕ ಇರೂ ನಾಕ ಯತ್ನದಾಗ ಮೂರನೇದಕ್ಕ) ನಡುವಿನಿಂದ ನುಗ್ಗಾವ್ರು ಯಾರು?

ಕ್ಯಾಪ್_ಲೆಕ್ಕಿಗ:

ಫ್ಲಾಯ್ಡ್ ವಿಷಯದಲ್ಲಿ ನಿಮ್ಮ ಮಾತಿಗೆ ತೂಕವಿದೆ. ತಂಡಕ್ಕೂ ಆ ತೂತು ಕಂಡಿರಬೇಕು, ಅದಕ್ಕೇ ಈಗ ಈಗಲ್ಸ್‌ನಿಂದ ಟ್ರೇಡ್‌ನಲ್ಲಿ ಬ್ರೈಸ್ ಹಫ್ ಬಂದಿದ್ದಾನೆ. 2023ರಲ್ಲಿ ಜೆಟ್ಸ್‌ನಲ್ಲಿ ಕೋಚ್ ಸಾಲೆ ಕೈಕೆಳಗೆ 10 ಸ್ಯಾಕ್ ಮಾಡಿದವನು, ಸಾಲೆ 2025ರ ಸೀಸನ್‌ಗೆ ಮತ್ತೆ ನಮ್ಮ ಡಿಫೆನ್ಸ್ ನೋಡಿಕೊಳ್ಳಲು ಬಂದರು. ಮಾತುಕತೆ ಮೇ ಕೊನೆಗೇ ಮುಗಿದಿದ್ದರೂ ಕಾಗದ ಆಗಿದ್ದು ಜೂನ್ 1 ಆದಮೇಲೆ. ಈಗಲ್ಸ್ ತಮ್ಮ ಡೆಡ್ ಮನಿಯನ್ನು ಎರಡು ವರ್ಷಕ್ಕೆ ಒಡೆದುಕೊಳ್ಳಲು ಕಾದರು. ಸಂಬಳದಲ್ಲೂ ಒಂದು ಪಾಲು ಅವರೇ ಹೊತ್ತಿದ್ದಾರೆ.

ಮೂರನೇ ಡೌನ್‌ನ ನಡುವಿನ ರಷ್‌ಗೆ ನನ್ನಲ್ಲೂ ಸಮಾಧಾನದ ಉತ್ತರ ಇಲ್ಲ.

ಕೆಂಪು_ಚಿನ್ನ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಇನ್ನೊಂದೇ ಪ್ರಶ್ನೆ: ಇಷ್ಟು ಜನ ಹೋದದ್ದಕ್ಕೆ ಪರಿಹಾರದ ಪಿಕ್ ಬರುತ್ತೆ ಅಂತಾರಲ್ಲ, ಹಾರ್‌ಗ್ರೇವ್‌ಗೂ ಬರುತ್ತಾ?

ಎರಡು_ಬ್ಯಾಕ್:

ಬರಲ್ಲ. ಒಪ್ಪಂದದ ಅವಧಿ ಮುಗಿದು ಹೋದವರಷ್ಟೇ ಲೆಕ್ಕ. ಗ್ರೀನ್‌ಲಾ, ಹುಫಾಂಗಾ, ವಾರ್ಡ್, ಬ್ಯಾಂಕ್ಸ್, ಕ್ಯಾನ್ಸಸ್ ಸಿಟಿಗೆ ಹೋದ ಜೇಲನ್ ಮೂರ್ ಈ ಗುಂಪು. ಕಟ್ ಆದ ಹಾರ್‌ಗ್ರೇವ್, ಫ್ಲಾಯ್ಡ್, ಕಾಲಿನ್ಸ್‌ಗೆ ಸೊನ್ನೆ. ಹೀಗೆ ಒಂದು ತಂಡಕ್ಕೆ ಸಿಗೋದು ಗರಿಷ್ಠ 4 ಪಿಕ್, ಅದೂ 2026ರ ಡ್ರಾಫ್ಟ್‌ನಲ್ಲಿ, ಮೂರರಿಂದ ಏಳನೇ ಸುತ್ತಿನ ಕೊನೆಗೆ. ಹೊರಗಿನಿಂದ ಅದೇ ರೀತಿಯ ಫ್ರೀ ಏಜೆಂಟ್ ತಂದರೆ ಒಂದೊಂದು ವಜಾ ಆಗುತ್ತೆ. ಮಾರ್ಚ್‌ನಲ್ಲಿ ನಮ್ಮವರು ಮ್ಯಾಕ್ ಜೋನ್ಸ್, ಲ್ಯೂಕ್ ಫ್ಯಾರೆಲ್ ತರಹದ ಸಣ್ಣ ಒಪ್ಪಂದಗಳಲ್ಲೇ ನಿಂತಿದ್ದಕ್ಕೆ ಇದೂ ಒಂದು ಕಾರಣ ಇರಬೇಕು.

ಆಗಸ್ಟ್_53:

ಮುಂದಿನ ಸುತ್ತಿನ ಕಟ್‌ಗೂ ಈಗಲೇ ತಯಾರಾಗಿ. ಆಗಸ್ಟ್ 26, ನಮ್ಮ ಕ್ಯಾಲಿಫೋರ್ನಿಯಾ ಸಮಯ ಮಧ್ಯಾಹ್ನ 1ಕ್ಕೆ ತಂಡವನ್ನು 90 ಆಟಗಾರರಿಂದ 53ಕ್ಕೆ ಇಳಿಸಬೇಕು. 2023ರಿಂದ ಇದು ಒಂದೇ ದಿನದಲ್ಲಿ ಮುಗಿಯುತ್ತೆ. ಎಲ್ಲ ತಂಡಗಳೂ ಸೇರಿ ಸಾವಿರಕ್ಕೂ ಹೆಚ್ಚು ಹೆಸರು ಒಟ್ಟಿಗೆ ಬರುತ್ತವೆ, ಪಟ್ಟಿ ನೋಡಿ ಗಾಬರಿಯಾಗಬೇಡಿ. ನಾಲ್ಕು ಸೀಸನ್ ಮುಗಿಸಿದವರು ನೇರ ಸ್ವತಂತ್ರ. ಉಳಿದವರು ವೇವರ್‌ಗೆ ಹೋಗ್ತಾರೆ, ಮರುದಿನ ಬೆಳಗ್ಗೆ 9ರೊಳಗೆ ಬೇರೆ ತಂಡ ಕೇಳದಿದ್ದರೆ ನಮ್ಮ ಪ್ರಾಕ್ಟೀಸ್ ಸ್ಕ್ವಾಡ್‌ಗೆ ವಾಪಸ್ ಬರಬಹುದು. ಅಲ್ಲಿ 16 ಜಾಗ, ಅದರಲ್ಲಿ ಅನುಭವದ ಮಿತಿಯಿಲ್ಲದೆ ಹಳಬರನ್ನು ಇಡಬಹುದಾದ್ದು 6. ಅಲ್ಲಿಂದ ಒಂದು ಮ್ಯಾಚ್‌ಗೆ ಇಬ್ಬರನ್ನು ಮೇಲಕ್ಕೆ ತರಬಹುದು, ಒಬ್ಬನನ್ನೇ ಸೀಸನ್‌ಗೆ ಮೂರು ಸಲ ಮಾತ್ರ.

ಗಾಯಗೊಂಡವನನ್ನು ಸೀಸನ್ ನಡುವೆ ವಾಪಸ್ ತರಬೇಕಿದ್ದರೆ ಮೊದಲೆಲ್ಲ ಮೊದಲ 53ರಲ್ಲಿ ಒಂದು ದಿನ ಇಟ್ಟುಕೊಳ್ಳಲೇಬೇಕಿತ್ತು, ಒಳ್ಳೆ ಹುಡುಗನೊಬ್ಬನ ಜಾಗ ಹೋಗ್ತಿತ್ತು. 2024ರಿಂದ ಅಂಥ ಇಬ್ಬರನ್ನು ಕಟ್ ದಿನವೇ ಗಾಯಾಳು ಪಟ್ಟಿಗೆ ಹಾಕಿ ಆಮೇಲೆ ಕರೆಸಿಕೊಳ್ಳಬಹುದು.

ಇನ್ನೊಂದು ಮಾತು, ಹುಬ್ಳಿಯವರು ಕೇಳಿದ ಒಳಗಿನ ರಷ್‌ಗೆ ಸಂಬಂಧಿಸಿದ್ದು. ವೇವರ್‌ನ ಸರದಿ ಮೂರನೇ ವಾರದವರೆಗೆ ಹೋದ ಸೀಸನ್‌ನ ಸ್ಥಾನದ ಪ್ರಕಾರ ನಡೆಯುತ್ತೆ. 6-11 ಮಾಡಿದ್ದಕ್ಕೆ ನಾವು 11ನೇ ಜಾಗದಲ್ಲಿದ್ದೀವಿ, ಹೋದ ವರ್ಷ ಕೊನೆಯಿಂದ ಎರಡನೆಯವರು. ಬೇರೆ ತಂಡ ಬಿಡುವ ಎರಡು-ಮೂರು ವರ್ಷದ ಅನುಭವದ ಡಿಫೆನ್ಸಿವ್ ಟ್ಯಾಕಲ್ ಸಿಕ್ಕಿದರೆ ಆಗಸ್ಟ್ 27ರ ಬೆಳಗ್ಗೆಯೇ ಸಿಗಬೇಕು.