ಬೆಂಗಳೂರು ಬಿಟ್ಟು ತುಮಕೂರಿಗೆ ಬರೋಣ ಅಂತಿದೀವಿ, ದಿನಾ ಓಡಾಡೋರು ಸ್ವಲ್ಪ ಹೇಳಿ

ದಾಸರಹಳ್ಳಿ ಬಾಡಿಗೆ ಮನೆ:
ಎರಡು ರೂಮಿನ ಮನೆಗೆ 19 ಸಾವಿರ ಕಟ್ತಿದೀನಿ, ಏಪ್ರಿಲ್‌ಗೆ ಮತ್ತೆ ಏರಿಸ್ತೀನಿ ಅಂದ್ರು ಓನರ್ ಆಂಟಿ. ಮಗಳಿಗೆ ಮೂರೂವರೆ, ಸ್ಕೂಲ್ ಫೀಸ್ ಬೇರೆ ಶುರುವಾಗತ್ತೆ, ಇಲ್ಲಿ ಸ್ವಂತ ಮನೆ ಅಂತೂ ಈ ಜನ್ಮಕ್ಕಿಲ್ಲ. ಹೆಂಡ್ತಿ ತವರು ಗುಬ್ಬಿ, ತುಮಕೂರಿಗೆ ಹೋಗೋಣ ಅಂತ ಅವಳ ಹಠ. ನನ್ನ ಕೆಲಸ ಯಶವಂತಪುರದಲ್ಲಿ, ವಾರಕ್ಕೆ ಐದು ದಿನ. ಕ್ಯಾತ್ಸಂದ್ರ ಕಡೆ ಒಂದು 30-40 ಸೈಟ್ ನೋಡಿದ್ವಿ, ಅಡ್ವಾನ್ಸ್ ಕೊಡಿ ಅಂತ ಬ್ರೋಕರ್ ದಿನಾ ಫೋನು. ಕೊಡ್ಲಾ?

ಟ್ರೈನ್ ಪಾಸ್:
ಯಶವಂತಪುರ ಅಂದ್ರೆ ಬಚಾವಾದ್ರಿ ಗುರು, ಟ್ರೈನ್ ಇಳಿದ್ರೆ ಅಲ್ಲೇ. ಆರು ವರ್ಷದಿಂದ ಮಂತ್ಲಿ ಪಾಸಲ್ಲೇ ಓಡಾಡ್ತಿದೀನಿ, ಖರ್ಚು ಏನೇನೂ ಅಲ್ಲ. ರೋಡಲ್ಲಿ ಬರ್ತೀನಿ ಅಂತ ಮಾತ್ರ ಹೋಗ್ಬೇಡಿ, ಶುಕ್ರವಾರ ಸಂಜೆ ನೆಲಮಂಗಲ ದಾಟೋದ್ರೊಳಗೆ ಜೀವ ಹೋಗತ್ತೆ. ಆದ್ರೆ ಒಂದು, ನಾನು ಮನೆ ಬಿಡೋದು ಆರಕ್ಕೆ, ವಾಪಸ್ ಸೇರೋದು ರಾತ್ರಿ ಒಂಬತ್ತೂವರೆಗೆ, ಮಗ ಹೋಂವರ್ಕ್ ಬುಕ್ಕನ್ನ ನನ್ನ ಊಟದ ತಟ್ಟೆ ಪಕ್ಕ ತೆಗೆದಿಟ್ಟು ಮಲಗಿರ್ತಾನೆ, ನಾನು ನೋಡಿ ಸೈನ್ ಹಾಕಿ ಅನ್ನ ಕಲಸ್ಕೋತೀನಿ. ಉಳಿಸಿದ ಬಾಡಿಗೆ ಲೆಕ್ಕ ಹಾಕೋವಾಗ ಇದನ್ನೂ ಸೇರಿಸ್ಕೊಳಿ.

ಕೈ ಸುಟ್ಕೊಂಡೋನು:
ಅಡ್ವಾನ್ಸ್ ಕೊಡ್ಬೇಡಿ ಅಣ್ಣಾ. ನಾನು ಕಮ್ಮಿಗೆ ಸಿಕ್ತು ಅಂತ ರೆವೆನ್ಯೂ ಸೈಟ್ (ಹೊಲದಲ್ಲಿ ಅಪ್ರೂವಲ್ ಇಲ್ದೆ ಮಾಡಿರೋದು) ತಗೊಂಡು ಕೂತಿದೀನಿ, ಬ್ಯಾಂಕಲ್ಲಿ ಪೇಪರ್ ಎರಡು ಸಲ ತಿರುಗಿಸಿ ನೋಡಿ ವಾಪಸ್ ಕೊಟ್ರು, ಲೋನೇ ಇಲ್ಲ. ಡಿಸಿ ಕನ್ವರ್ಷನ್ ಆರ್ಡರ್ (ಕೃಷಿ ಜಮೀನಲ್ಲಿ ಮನೆ ಕಟ್ಟೋಕೆ ಅನುಮತಿ), ಟೂಡಾ ಅಂದ್ರೆ ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ ಅಪ್ರೂವ್ ಮಾಡಿರೋ ಲೇಔಟ್ ಪ್ಲಾನ್, ಇ-ಖಾತೆ (ಆಸ್ತಿಯ ಆನ್‌ಲೈನ್ ಖಾತೆ), ಮೂರೂ ಕೇಳಿ. ಇಸಿ, ಅಂದ್ರೆ ಆಸ್ತಿ ಮೇಲಿನ ಸಾಲ, ಮಾರಾಟದ ದಾಖಲೆ, ನೀವೇ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ತೆಗೀರಿ, ಬ್ರೋಕರ್ ಕೊಟ್ಟ ಜೆರಾಕ್ಸ್ ನಂಬ್ಬೇಡಿ. ಇ-ಖಾತೆ ಇದ್ದ ಮಾತ್ರಕ್ಕೆ ಲೇಔಟ್ ಅಪ್ರೂವ್ ಆಗಿದೆ ಅಂತಲ್ಲ, ನಾನು ಎಡವಿದ್ದು ಅಲ್ಲೇ.

ಬಟವಾಡಿ ಅಮ್ಮ:
ಗಂಡಸ್ರು ಯಾರೂ ನೀರಿನ ವಿಷ್ಯ ಎತ್ಲಿಲ್ಲ ನೋಡಿ 😄 ಊರೊಳಗೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರತ್ತೆ, ಹೊರಗಿನ ಹೊಸ ಲೇಔಟ್‌ಗಳಲ್ಲಿ ಬೋರ್‌ವೆಲ್, ಅದು ಕೈ ಕೊಟ್ರೆ ಟ್ಯಾಂಕರ್. ಸೈಟ್ ನೋಡೋಕೆ ಮಳೆಗಾಲದಲ್ಲಲ್ಲ, ಮಾರ್ಚ್‌ನಲ್ಲಿ ಬಂದು ಪಕ್ಕದ ಮನೆಯೋರ್ನ ಕೇಳಿ. ಮೊದ್ಲು ಸ್ಟೇಷನ್ ಹತ್ರ ಒಂದು ವರ್ಷ ಬಾಡಿಗೆಗಿರಿ. ನೀವು ರಾತ್ರಿ ಬರೋ ತನಕ ಮಗು ಜೊತೆ ಇರೋದು ನಿಮ್ಮ ಹೆಂಡ್ತಿನೇ, ತವರು ಹತ್ರ ಇದ್ರೆ ಜ್ವರ ಗಿರ ಅಂದ್ರೆ ಅವ್ರಮ್ಮ ಒಂದು ಬಸ್ ಹತ್ತಿ ಬರ್ತಾರೆ, ಅದಕ್ಕೆ ಹಠ ಮಾಡ್ತಿರೋದು.

ದಾಸರಹಳ್ಳಿ ಬಾಡಿಗೆ ಮನೆ:
ಎಲ್ರಿಗೂ ಥ್ಯಾಂಕ್ಸ್. ಟೂಡಾ ಪ್ಲಾನ್ ವಾಟ್ಸಾಪ್ ಮಾಡಿ ಅಂತ ಬ್ರೋಕರ್‌ಗೆ ಮೆಸೇಜ್ ಹಾಕ್ದೆ. ಬ್ಲೂ ಟಿಕ್ ಬಂದು ಎರಡು ದಿನ ಆಯ್ತು, ಫೋನೂ ಇಲ್ಲ. ಭಾನುವಾರ ಬಾಡಿಗೆ ಮನೆ ನೋಡೋಕೆ ಬರ್ತಿದೀವಿ.