ಸೇನಾ ಬಟ್ಟೆ ಬ್ಯಾಡ್ಜ್: ತಯಾರಿಕೆಯ ದೋಷವೋ, ಆಮೇಲೆ ಕಿತ್ತದ್ದೋ? (ಸಂಗ್ರಾಹಕರ ಗುಂಪಿನ ಪ್ರಶ್ನೋತ್ತರ)

ವಿರಾಜಪೇಟೆ ಸದಸ್ಯ: ಮೇಡಂ, ನಮಸ್ಕಾರ. ಎರಡನೇ ಮಹಾಯುದ್ಧದ 17ನೇ ಇಂಡಿಯನ್ ಡಿವಿಜನ್ನಿನ ಕಪ್ಪು ಬೆಕ್ಕಿನ ಬ್ಯಾಡ್ಜ್ ಒಂದು ಸಿಕ್ಕಿದೆ. ಬೆಕ್ಕಿನ ಮುಖ ಎಡ-ಬಲ ಉಲ್ಟಾ ತಿರುಗಿದೆ, ಬಾಲದ ತುದಿಯಲ್ಲಿ ಕಸೂತಿಯೇ ಇಲ್ಲ. ‘ಎರರ್ ಪೀಸ್’ (ತಯಾರಿಕೆಯಲ್ಲೇ ತಪ್ಪಾದ ಅಪರೂಪದ ತುಂಡು) ಅಂತ ಮೂರು ಪಟ್ಟು ಬೆಲೆ ಹೇಳ್ತಿದ್ದಾರೆ. ಕೊಳ್ಳಲೇ?

ಬಟ್ಟೆ ಸಂರಕ್ಷಕಿ: ಉಲ್ಟಾ ತಿರುಗಿದ್ದು ದೋಷ ಅಲ್ಲ. ಪ್ರಾಣಿಚಿತ್ರದ ಚಿಹ್ನೆಗಳನ್ನು ಎರಡೂ ತೋಳಿನಲ್ಲಿ ಮುಖ ಮುಂದಕ್ಕೆ ಬರಲೆಂದು ಎಡ-ಬಲ ಜೋಡಿಯಾಗಿ ಮಾಡಿಸುವುದಿತ್ತು. ಅದಕ್ಕೆ ಒಂದು ರೂಪಾಯಿ ಹೆಚ್ಚು ಕೊಡಬೇಡಿ. ನನಗೆ ಚಿಂತೆ ಬಾಲದ್ದು. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಹಿಡಿಯಿರಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ. ಸೂಜಿ ಅಲ್ಲಿಗೆ ಹೋಗದೇ ಇದ್ದರೆ ಬಟ್ಟೆಯ ನೇಯ್ಗೆ ಸಾಫಾಗಿರುತ್ತದೆ. ಸಾಲಾಗಿ ಸಣ್ಣ ತೂತು ಕಂಡರೆ ಹೊಲಿದ ದಾರವನ್ನು ಆಮೇಲೆ ಕಿತ್ತಿದ್ದಾರೆ, ಇಲ್ಲವೇ ಮೇಲಿನ ದಾರ ಕಡಿದ ಮೇಲೂ ಯಂತ್ರ ಓಡಿದೆ. ಇವೆರಡನ್ನು ಬೇರೆ ಮಾಡುವುದು ಬಣ್ಣ. ದಾರದಡಿ ವರ್ಷಗಟ್ಟಲೆ ಮುಚ್ಚಿದ್ದ ಬಟ್ಟೆ ಮಾಸಿರುವುದಿಲ್ಲ. ಬಾಲದ ಆಕಾರದಲ್ಲೇ ಗಾಢ ಬಣ್ಣ ಉಳಿದಿದ್ದರೆ ಇತ್ತೀಚೆಗೆ ಕಿತ್ತದ್ದು. ಹಿಂಬದಿ ದಾರದ ತುದಿಯನ್ನೂ ನೋಡಿ: ಹಳೆಯದು ಎಳೆ ಬಿಚ್ಚಿ ಕೊಳೆ ಹಿಡಿದಿರುತ್ತದೆ, ಬ್ಲೇಡಿನ ಕಡಿತ ಚೊಕ್ಕವಾಗಿರುತ್ತದೆ. ಹಿಂಬದಿಯ ಫೋಟೋ ಹಾಕುವ ತನಕ ಮುಂಗಡ ಕೊಡಬೇಡಿ.

ಸೋಮವಾರಪೇಟೆ ಸದಸ್ಯ: ಇಷ್ಟೆಲ್ಲ ಯಾಕೆ? ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಬಿಡಿ, ನೀಲಿ ಹೊಳೆದರೆ ನಕಲಿ.

ಪೊನ್ನಂಪೇಟೆ ಸದಸ್ಯ: ಈಗಿನ ಸೋಪಿನ ಪುಡಿಯಲ್ಲಿ ಆ ಬೆಳಕಿಗೆ ನೀಲಿ ಹೊಳೆಯುವ ರಾಸಾಯನಿಕ ಇರುತ್ತದೆ, ಒಮ್ಮೆ ಒಗೆದರೆ ಅಸಲಿಯೂ ಹೊಳೆಯುತ್ತದೆ. ಅರ್ಧ ತಿಳಿದು ಜನರನ್ನು ಹೆದರಿಸಬೇಡಿ.

ಸೋಮವಾರಪೇಟೆ ಸದಸ್ಯ: ಬ್ಯಾಡ್ಜನ್ನು ಯಾರು ಒಗೆಯುತ್ತಾರೆ?

ಪೊನ್ನಂಪೇಟೆ ಸದಸ್ಯ: ಅಂಗಿಯ ಮೇಲಿದ್ದಾಗ ಎಲ್ಲರೂ!

ಸಂರಕ್ಷಕಿ: ಪೊನ್ನಂಪೇಟೆಯವರು ಹೇಳಿದ್ದು ಸರಿ. ದಾರವೊಂದೇ ಹೊಳೆದು ಬಟ್ಟೆ ಹೊಳೆಯದಿದ್ದರೆ ಅನುಮಾನಿಸಿ. ಉದುರಿದ ಎಳೆ ಇದ್ದರೆ ಸುಟ್ಟು ನೋಡಿ: ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. 1945ರ ಬ್ಯಾಡ್ಜಿನಲ್ಲಿ ಪಾಲಿಯೆಸ್ಟರ್ ದಾರ ಇರಲು ಸಾಧ್ಯವಿಲ್ಲ.

ಕುಶಾಲನಗರ ಸದಸ್ಯ: ಜರಿ ಬ್ಯಾಡ್ಜ್ ಕಪ್ಪಾಗಿದೆ. ನಿಂಬೆರಸ, ಅಡುಗೆ ಸೋಡಾ ಹಚ್ಚಿ ಅಂತ ಫಾರ್ವರ್ಡ್ ಬಂದಿದೆ, ಹಚ್ಚಬಹುದಾ?

ಸಂರಕ್ಷಕಿ: ಬೇಡ. ಹುಳಿ ತಂತಿಯ ಮೇಲಿನ ತೆಳು ಲೇಪವನ್ನು ತಿನ್ನುತ್ತದೆ, ಒಳಗಿನ ತಾಮ್ರ ಹಸಿರು ಕಟ್ಟಿ ಬಟ್ಟೆಗಿಳಿಯುತ್ತದೆ. ಮತ್ತೆ ಸರಿಮಾಡಲು ಆಗದು.

ಮಡಿಕೇರಿ ಸದಸ್ಯೆ: ಹುಣಸೆಹಣ್ಣು?

ಸಂರಕ್ಷಕಿ: ಅದೂ ಹುಳಿಯೇ. ಬೇಡ.

ಗೋಣಿಕೊಪ್ಪ ಸದಸ್ಯ: ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೊಳೆಯುತ್ತೆ ಅಂತ ಇನ್ನೊಂದು ಗುಂಪಿನಲ್ಲಿ…

ಸಂರಕ್ಷಕಿ: ಮೇಲೆ ಎರಡು ಸಲ ಬರೆದಿದ್ದೇನೆ. ಏನೂ ಹಚ್ಚಬೇಡಿ, ಉಜ್ಜಬೇಡಿ. ಈ ಫಾರ್ವರ್ಡ್‌ಗಳಿಂದ ಹಾಳಾದ ಜರಿಯನ್ನು ಯಾರೂ ಉಳಿಸಿಕೊಡಲಾರರು.

ಮಡಿಕೇರಿ ಸದಸ್ಯೆ: ಮಳೆಗಾಲದ ಬೂಷ್ಟಿಗೆ?

ಸಂರಕ್ಷಕಿ: ಮೊದಲು ಒಣ ಜಾಗದಲ್ಲಿ ಪೂರ್ತಿ ಆರಲಿ. ಮಾಸ್ಕ್ ಹಾಕಿ, ಹೊರಗೆ ಹೋಗಿ ಮೆತ್ತನೆಯ ಬ್ರಷ್‌ನಿಂದ ಕೊಡವಿ. ಆಮೇಲೆ ಬಿಗಿ ಮುಚ್ಚಳದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ ಕಾಳು. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ.

ನಾಪೋಕ್ಲು ಸದಸ್ಯ: ಅಂಚು ದಪ್ಪ ಹೊಲಿದದ್ದು ಹಳೆಯದಾ, ಕತ್ತರಿಸಿ ಬಿಟ್ಟದ್ದು ಹಳೆಯದಾ?

ಸೋಮವಾರಪೇಟೆ ಸದಸ್ಯ: ಒಗೆಯುವ ವಿಷಯ ನಾನು ಒಪ್ಪಲ್ಲ.

ಪೊನ್ನಂಪೇಟೆ ಸದಸ್ಯ: ಒಪ್ಪದಿದ್ದರೆ ಬಿಡಿ ಮಾರಾಯರೇ, ಬೇರೆಯವರ ಪ್ರಶ್ನೆ ಮುಚ್ಚಿಹೋಗ್ತಿದೆ.

ವಿರಾಜಪೇಟೆ ಸದಸ್ಯ: ಮೇಡಂ, ಮುಂಬದಿ, ಹಿಂಬದಿ ಎರಡರ ಫೋಟೋ ಹಾಕಿದ್ದೇನೆ.

ಸಂರಕ್ಷಕಿ: ತೂತುಗಳ ಸಾಲು ಕಾಣ್ತಿದೆ, ಬಾಲದ ಜಾಗದಲ್ಲಿ ಗಾಢ ಬಣ್ಣವೂ ಇದೆ. ಕಿತ್ತದ್ದು. ಕೊಳ್ಳದೆ ವಾಪಸ್ ಕೊಡಿ.