ಪದಚರ್ಚೆ: ‘ಹೋಮೋಜೀನಿಯಸ್ ಮೆಟೀರಿಯಲ್’ಗೆ ‘ಏಕರೂಪ ವಸ್ತು’ ಸಾಕೇ?

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದ ಮಾಚೇನಹಳ್ಳಿ ಕಡೆ ಎಲೆಕ್ಟ್ರಾನಿಕ್ ಬೋರ್ಡು ಜೋಡಿಸುವ ಸಣ್ಣ ಘಟಕವೊಂದಕ್ಕೆ ಕನ್ನಡದಲ್ಲಿ ತರಬೇತಿ ಪುಟ ಬರೆದುಕೊಡುತ್ತಿದ್ದೇನೆ. ವಿಷಯ ‘ರೋಹ್ಸ್’: ವಿದ್ಯುತ್ ಹಾಗೂ ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಅಪಾಯಕಾರಿ ವಸ್ತುಗಳಿಗೆ ಐರೋಪ್ಯ ಒಕ್ಕೂಟ 2006ರ ಜುಲೈ 1ರಿಂದ ಜಾರಿಗೆ ತಂದ ನಿರ್ಬಂಧ. ನಮ್ಮ ಇ-ತ್ಯಾಜ್ಯ ನಿಯಮಗಳಲ್ಲೂ ಇಂಥದೇ ಮಿತಿ ಇದೆ. ಸೀಸ, ಪಾದರಸಕ್ಕೆ ತೂಕದಲ್ಲಿ ಶೇ. 0.1, ಕ್ಯಾಡ್ಮಿಯಂಗೆ ಶೇ. 0.01.

ಯಾವುದರ ತೂಕದಲ್ಲಿ? ನನ್ನ ತೊಡಕು ಇರುವುದು ಅಲ್ಲಿ. ಲೆಕ್ಕ ಇಡೀ ಬೋರ್ಡಿನದಲ್ಲ, ಅದರಲ್ಲಿರುವ ಒಂದೊಂದು ‘ಹೋಮೋಜೀನಿಯಸ್ ಮೆಟೀರಿಯಲ್’ನದು. ಅಂದರೆ ಎಲ್ಲ ಕಡೆಯೂ ಒಂದೇ ಸಂಯೋಜನೆ ಇರುವ ವಸ್ತು. ಇಲ್ಲವೇ ಸ್ಕ್ರೂ ಬಿಚ್ಚಿ, ಕತ್ತರಿಸಿ, ಪುಡಿ ಮಾಡಿ, ಉಜ್ಜಿ, ಹೀಗೆ ಯಾಂತ್ರಿಕವಾಗಿ ಏನು ಮಾಡಿದರೂ ಬೇರೆ ಬೇರೆಯಾಗಿ ಬಿಡಿಸಲು ಬಾರದ್ದು. ನೂರು ಗ್ರಾಂ ಬೋರ್ಡಿಗೆ ಯಾರೋ ಹಳೆಯ ತವರ-ಸೀಸದ 63-37 ಬೆಸುಗೆಯಿಂದ ಒಂದೇ ಕಡೆ ಟಚ್‌ಅಪ್ ಮಾಡಿದರು ಅನ್ನಿ. ಬೆಸುಗೆ 0.1 ಗ್ರಾಂ, ಸೀಸ 0.037 ಗ್ರಾಂ. ಬೋರ್ಡಿಗೆ ಹಂಚಿದರೆ ಶೇ. 0.037, ಮಿತಿಯೊಳಗೇ ಇದೆ ಅನಿಸುತ್ತದೆ. ಆ ಬೆಸುಗೆಯಲ್ಲಿ ಮಾತ್ರ ಶೇ. 37! ಮಾಲು ತಿರಸ್ಕೃತವಾಗಲು ಅಷ್ಟು ಸಾಕು.

‘ಏಕರೂಪ ವಸ್ತು’ ಎಂದು ಬರೆದ ಕರಡನ್ನು ಓದಿದ ಲೈನಿನ ಹೆಣ್ಣುಮಗಳೊಬ್ಬರು, “ಒಂದೇ ಥರದ ಬೋರ್ಡೆಲ್ಲ ಸೇರ್ಸಿ ಲೆಕ್ಕ ಹಾಕೋದಾ ಸಾರ್?” ಅಂದರು. ಅವರು ಕೇಳಿದ್ದು ಸರಿಯಾಗಿಯೇ ಇದೆ. ‘ರೂಪ’ ಎಂದ ಕೂಡಲೇ ಕಣ್ಣೆದುರು ಬರುವುದು ಆಕಾರ. ‘ಸಮರೂಪ’ವಂತೂ ಹೈಸ್ಕೂಲಿನ ತ್ರಿಭುಜಗಳನ್ನು ಬಿಟ್ಟು ಕದಲುವುದಿಲ್ಲ. ‘ಏಕದ್ರವ್ಯ’ ಚೆನ್ನಾಗಿದೆ ಅನ್ನಿಸಿತ್ತು. ಆದರೆ ಈಗಿನ ಸೀಸವಿಲ್ಲದ ಬೆಸುಗೆಯಲ್ಲಿ ತವರ 96.5, ಬೆಳ್ಳಿ 3, ತಾಮ್ರ 0.5 ಭಾಗ ಇರುತ್ತವೆ. ಮೂರು ಲೋಹ ಕರಗಿ ಬೆರೆತಿದ್ದರೂ ನಿಯಮದ ಕಣ್ಣಿಗೆ ಅದು ಒಂದೇ ವಸ್ತು. ಅದನ್ನು ‘ಏಕದ್ರವ್ಯ’ ಎಂದರೆ ಯಾರು ಒಪ್ಪುತ್ತಾರೆ?

ಕೊನೆಗೆ ಕೈಹಿಡಿದದ್ದು ಅಲ್ಲಿಯವರದೇ ಮಾತು. ವೈರಿನ ತುದಿಯ ಪ್ಲಾಸ್ಟಿಕ್ ತೆಗೆಯುವುದಕ್ಕೆ ಅವರು ‘ಸುಲಿಯೋದು’ ಅನ್ನುತ್ತಾರೆ, ಮನೆಯಲ್ಲಿ ಅಡಿಕೆ ಸುಲಿದ ಹಾಗೆಯೇ. ಸಿಪ್ಪೆ ಒಂದು ವಸ್ತು, ಒಳಗಿನ ತಾಮ್ರ ಇನ್ನೊಂದು, ತಾಮ್ರದ ಮೇಲೆ ತವರದ ಲೇಪ ಇದ್ದರೆ ಉಜ್ಜಿ ತೆಗೆಯಬಹುದಾದ್ದರಿಂದ ಅದು ಮೂರನೆಯದು. ಹೀಗೆ ಹೇಳಿದಾಗ ಎಲ್ಲರಿಗೂ ತಿಳಿಯಿತು. ಸದ್ಯಕ್ಕೆ ‘ಬಿಡಿಸಲಾಗದ ವಸ್ತು’ ಎಂದು ಇಟ್ಟುಕೊಂಡಿದ್ದೇನೆ.

ಆದರೆ ‘ಪ್ರತಿ ಬಿಡಿಸಲಾಗದ ವಸ್ತುವಿನಲ್ಲಿ’ ಎಂದು ವಾಕ್ಯಕ್ಕೆ ಸೇರಿಸಿದರೆ ಎಡವಿದಂತಾಗುತ್ತದೆ, ಕೋಷ್ಟಕದ ತಲೆಬರಹಕ್ಕೂ ಉದ್ದ. ‘ಬಿಡಿವಸ್ತು’ ಎಂದರೆ ಬಿಡಿಭಾಗದ ಜೊತೆ ಗೊಂದಲ. ಬಿಡಿಸಿ ಮುಗಿದ ಮೇಲೆ ಉಳಿಯುವುದು ಎಂಬ ಅರ್ಥ ಬರುವ ಚಿಕ್ಕ ಪದ, ಅಕ್ಕಸಾಲಿಗರದೋ ಕಂಚುಗಾರರದೋ ಬಳಕೆಯಲ್ಲಿ, ನಿಮ್ಮ ಕಡೆ ಇದೆಯೇ? ಇದ್ದರೆ ಯಾವ ಊರಿನ ಬಳಕೆ ಎಂಬುದನ್ನೂ ದಯವಿಟ್ಟು ತಿಳಿಸಿ.